ಟೈಲರ್ ಆಂಟಿಯ ಪ್ರಾರ್ಥನೆ

ನಮ್ಮ ಬೀದಿಯ ಟೈಲರ್ ಆಂಟಿ ಚಾಡಿ ಹೇಳುವವರಲ್ಲ, ಪ್ರಾರ್ಥನೆ ಮಾಡುವವರು. ಅಳತೆ ತೆಗೆಯುತ್ತಲೇ, "ಯಾಕಮ್ಮಾ ಇಷ್ಟು ಇಳಿದುಹೋಗಿದ್ದೀಯ? ಹೇಳು, ಪ್ರಾರ್ಥನೆಗೆ ಇಡ್ತೀನಿ" ಎನ್ನುತ್ತಾರೆ. ಹೇಳಿದಿರೋ, ಶುಕ್ರವಾರದ ಪ್ರಾರ್ಥನಾ ಕೂಟದಲ್ಲಿ ನಿಮ್ಮ ಸಂಸಾರ ಬೀದಿಗೆ ಬಿತ್ತೆಂದೇ ಲೆಕ್ಕ. "ಕರ್ತನೇ, ಮೂಲೆಮನೆ ಸೊಸೆ ಗಂಡನ ಹತ್ರ ಒದೆ ತಿಂತಿದ್ದಾಳೆ. ತಪ್ಪು ಅವಳದ್ದೂ ಇದೆ, ನಿನಗೇ ಗೊತ್ತಲ್ಲ." ದೇವರಿಗೆ ವಿಳಾಸ ತಪ್ಪಬಾರದೆಂದು ಗೇಟಿನ ಬಣ್ಣವನ್ನೂ ಹೇಳುತ್ತಾರೆ. ಹಾಗೆಂದು ಕಲ್ಲುಮನಸ್ಸಿನವರೇನಲ್ಲ, ಯಾರಾದರೂ ಹಾಸಿಗೆ ಹಿಡಿದರೆ ಊಟದ ಡಬ್ಬಿ ಮೊದಲು ಹೋಗುವುದು ಅವರ ಮನೆಯಿಂದಲೇ. ಪ್ರಾರ್ಥಿಸುವಾಗ ಸುರಿಯುವ ಕಣ್ಣೀರೂ ಸುಳ್ಳಲ್ಲ. ಕಳೆದ ಶುಕ್ರವಾರ ಅವರು ಆಮೆನ್ ಎಂದದ್ದೇ ತಡ, ಅದೇ ಮೂಲೆಮನೆಯ ಸೊಸೆ ಮೆಲ್ಲಗೆ ಶುರುಮಾಡಿದಳು: "ಕರ್ತನೇ, ನಮ್ಮ ಆಂಟಿ ತಮ್ಮ ಮದುವೆಯಾಗದ ಮಗಳ ಬಟ್ಟೆಗಳನ್ನೆಲ್ಲ ಸೊಂಟದ ಹತ್ರ ಹೊಲಿಗೆ ಬಿಚ್ಚಿ ಅಗಲ ಮಾಡ್ತಿದ್ದಾರೆ. ಪಾಪ, ಯಾರ ಹತ್ರನೂ ಹೇಳ್ಕೊಂಡಿಲ್ಲ. ಹುಟ್ಟೋ ಮಗೂನೂ ನೀನೇ ಕಾಪಾಡಪ್ಪಾ." ರೆಪ್ಪೆಯ ಸಂದಿಯಿಂದ ನೋಡಿದೆ. ಆಂಟಿ ಕಣ್ಣು ಬಿಟ್ಟುಕೊಂಡು, ಯಾರ ತುಟಿ ನಗುತ್ತಿದೆಯೆಂದು ಒಬ್ಬೊಬ್ಬರ ಮುಖದಲ್ಲೂ ಹುಡುಕುತ್ತಿದ್ದರು. ನಾವೆಲ್ಲ ಕಣ್ಣು ಇನ್ನಷ್ಟು ಬಿಗಿಯಾಗಿ ಮುಚ್ಚಿ, ಎಂದಿಗಿಂತ ಜೋರಾಗಿ ಆಮೆನ್ ಎಂದೆವು.