ಯೂಟ್ ಕೊಂಡ ದಿನ

ಮೆಲ್ಬರ್ನ್ ಹೊರವಲಯದ ವಿಂಡಮ್ ವೇಲ್‌ನ ಹೊಸ ಮನೆಯ ಹಿತ್ತಲಿಗೆ ಮಣ್ಣು ತರಲು ನಮಗೊಂದು ಹಳೆಯ ಯೂಟ್ ಬೇಕಿತ್ತು. ಮುಂದೆ ಕಾರಿನಂತಿದ್ದು ಹಿಂದೆ ಸಾಮಾನು ಹೇರಲು ತೆರೆದ ಜಾಗವಿರುವ ಗಾಡಿ ಅದು. ಅಂಥದೊಂದನ್ನು ಮಾರಲಿಟ್ಟಿದ್ದ ವೃದ್ಧರು, ಅಮೆರಿಕದ ದೊಡ್ಡ ಕಾರು ಕಂಪನಿಯೊಂದು ಮೆಲ್ಬರ್ನ್‌ನಲ್ಲಿ ನಡೆಸುತ್ತಿದ್ದ ಕಾರ್ಖಾನೆ ಮುಚ್ಚುವವರೆಗೂ ಅಲ್ಲೇ ಇಂಥ ಗಾಡಿಗಳಿಗೆ ಬಾಗಿಲು ಜೋಡಿಸುತ್ತಿದ್ದವರು. ಯೂಟ್ ಹುಟ್ಟಿದ ಕಥೆಯನ್ನೂ ಅವರೇ ಹೇಳಿದರು. ಭಾನುವಾರ ಚರ್ಚಿಗೆ ಹೋಗಲು, ಸೋಮವಾರ ಹಂದಿಗಳನ್ನು ಸಂತೆಗೆ ಒಯ್ಯಲು ಒಂದೇ ಗಾಡಿ ಮಾಡಿಕೊಡಿ ಎಂದು ರೈತನ ಹೆಂಡತಿಯೊಬ್ಬಳು ಆ ಕಂಪನಿಗೆ ಪತ್ರ ಬರೆದಿದ್ದಳಂತೆ.

"ಹೆಂಗಸಿನ ಐಡಿಯಾ ಅಲ್ವಾ, ಧೈರ್ಯವಾಗಿ ತಗೊಳ್ಳುವ," ಎಂದು ಉಡುಪಿ ಕಡೆಯ ನನ್ನ ಹೆಂಡತಿ ನಕ್ಕಳು.

ವ್ಯವಹಾರ ಮುಗಿದರೂ ಅವರು ಕೀ ಕೊಡಲಿಲ್ಲ. "ಹತ್ತು ನಿಮಿಷ ಇರಿ," ಎಂದು ಬಕೆಟ್ ತಂದು ಇಡೀ ಗಾಡಿ ತೊಳೆಯತೊಡಗಿದರು. ಸುಮ್ಮನೆ ನಿಲ್ಲಲಾಗದೆ ನಾವೂ ಒಂದೊಂದು ಬಟ್ಟೆ ಹಿಡಿದು ಸೇರಿಕೊಂಡೆವು.