ನಳಿಗೆ ಅಗಲಿಸುವ ಮುನ್ನ

ನಮ್ಮ ಮನೆಯಲ್ಲಿರುವ ಕೋವಿ ನನ್ನ ಹೆಂಡತಿಯದು. ಪರವಾನಗಿ ಅವಳ ಹೆಸರಿನಲ್ಲಿದೆ. ಉಕ್ಕಿನ ಕಪಾಟಿನ ಕೀಲಿ ಎಲ್ಲಿದೆಯೆಂಬುದು ನನಗೆ ತಿಳಿಯಬಾರದು ಎಂಬುದು ಈ ದೇಶದ ನಿಯಮ. ವುಲ್ವರ್‌ಹ್ಯಾಂಪ್ಟನ್‌ನ ಈ ಮನೆಯಲ್ಲಿ ಅದನ್ನು ಚಾಚೂ ತಪ್ಪದೆ ಪಾಲಿಸಿಕೊಂಡು ಬಂದಿದ್ದೇವೆ. ನಾನು ಮೈಸೂರಿನವನು, ಮೊಟ್ಟೆಯನ್ನೂ ಮುಟ್ಟದ ಮನೆಯಲ್ಲಿ ಬೆಳೆದವನು. ತಾರೀಖಿಲ್ಲದ ಹಳೆಯ ಪತ್ರಗಳಿಗೆ ತಾರೀಖು ಹುಡುಕುವ ಸಂಶೋಧನೆಯಲ್ಲೇ ವೃತ್ತಿಜೀವನ ಕಳೆದು ನಿವೃತ್ತನಾದವನು. ಅವಳು ಕೊಡಗಿನವಳು, ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞೆಯಾಗಿದ್ದವಳು. ಸ್ಟಾಫರ್ಡ್‌ಶೈರ್‌ನ ಒಂದು ಎಸ್ಟೇಟಿನಲ್ಲಿ ಮಿತಿಮೀರಿ ಬೆಳೆಯುವ ಜಿಂಕೆಗಳ ಸಂಖ್ಯೆಯನ್ನು ಪ್ರತಿ ಚಳಿಗಾಲವೂ ತಗ್ಗಿಸುವ ತಂಡದಲ್ಲಿ ಅವಳೂ ಒಬ್ಬಳು.

ಆ ಕೋವಿಯನ್ನು ಅವಳು ಕೊಂಡದ್ದು ಆಸ್ಪತ್ರೆಯಲ್ಲಿ ಹಿರಿಯ ತಜ್ಞೆ, ಅಂದರೆ ಕನ್ಸಲ್ಟೆಂಟ್, ಆದ ವರ್ಷ. ಎತ್ತಿದರೆ ಕೊಡೆ ಎತ್ತಿದಷ್ಟೇ ಅನ್ನಿಸುವ ಹಗುರ ರೈಫಲ್. ಅವಳ ಗಿಡ್ಡ ತೋಳಿಗೆ ಹೊಂದುವಂತೆ ಹಿಂಭಾಗದ ಮರವನ್ನು ಕತ್ತರಿಸಿ ಕೊಟ್ಟವನು ಬರ್ಮಿಂಗ್‌ಹ್ಯಾಮ್‌ನ ಒಬ್ಬ ಕೋವಿ ರಿಪೇರಿಯವನು. ಕಳೆದ ವರ್ಷ ಮಾರ್ಚ್‌ನಲ್ಲಿ ನಾವು ಮತ್ತೆ ಅವನ ಅಂಗಡಿಗೇ ಹೋದೆವು. ದಿನ ಗುರುವಾರ, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬುಧವಾರವೆಂದು ಗುರುತಿದೆ, ಆದರೆ ಪಾರ್ಕಿಂಗ್ ರಸೀದಿಯೂ ನನ್ನ ದಿನಚರಿಯೂ ಗುರುವಾರವೆನ್ನುವುದರಿಂದ ಗುರುವಾರವೆಂದೇ ಬರೆಯುತ್ತೇನೆ.

ಆ ಚಳಿಗಾಲದಲ್ಲಿ ಕೋವಿಯ ಗುರಿ ಕೆಟ್ಟಿತ್ತು. ನೂರು ಗಜದಲ್ಲಿ ಒಂದು ನಾಣ್ಯದಡಿ ಮುಚ್ಚಿಹೋಗುತ್ತಿದ್ದ ಮೂರು ಈಡುಗಳು ಊಟದ ತಟ್ಟೆಯಷ್ಟಗಲ ಚೆದುರುತ್ತಿದ್ದವು. ರಿಪೇರಿಯವನು ನಳಿಗೆಯೊಳಕ್ಕೆ ಪೆನ್ಸಿಲಿನಷ್ಟು ಸಪೂರವಾದ ಕ್ಯಾಮೆರಾ ಇಳಿಸಿ ತೆರೆಯ ಮೇಲೆ ತೋರಿಸಿದ. ಗುಂಡನ್ನು ತಿರುಗಿಸುವ ಸುರುಳಿ ಗೆರೆಗಳ ನಡುವೆ ತುಕ್ಕು ತಿಂದ ಗುಳಿಗಳು ಸಿಡುಬಿನ ಕಲೆಗಳಂತಿದ್ದವು. ಕೋವಿ ಎಲ್ಲಿ, ಹೇಗೆ ಒದ್ದೆಯಾಯಿತೆಂದು ಅವನು ಕೇಳಿದ.

"ತಪ್ಪು ನನ್ನದೇ," ಎಂದಳು ನನ್ನ ಹೆಂಡತಿ. ಎರಡು ಚಳಿಗಾಲದ ಹಿಂದೆ, ಆಗಸ್ಟ್‌ನಲ್ಲಿ, ಯಾರ್ಕ್‌ಶೈರ್‌ಗೆ ಹೋಗಿದ್ದಾಗ ದಿನವಿಡೀ ಮಳೆಯಲ್ಲಿ ನೆನೆದ ಕೋವಿಯನ್ನು, ದಣಿದಿದ್ದರಿಂದ ಮೇಲಿಂದ ಮಾತ್ರ ಒರೆಸಿ ಬೀಗ ಹಾಕಿದ್ದೆ ಎಂದಳು. ನಾನು ಅವಳ ಪಕ್ಕದಲ್ಲೇ ನಿಂತಿದ್ದೆ. ಗೋಡೆಯ ಮೇಲೆ ತೂಗುಹಾಕಿದ್ದ ಅರಗಳ ಸಾಲನ್ನು ನೋಡುತ್ತಿದ್ದೆ.

ಹೊಸ ನಳಿಗೆ ಹಾಕಿಸಿದರೆ ಕೋವಿಯ ತೂಕವೂ ಸಮತೋಲವೂ ಬೇರೆಯಾಗುತ್ತವೆ. ಅದು ಅವಳಿಗೆ ಬೇಡ. ಉಳಿದ ದಾರಿ ಇದೇ ನಳಿಗೆಯ ರಂಧ್ರವನ್ನು ಕೊರೆದು ಅಗಲಿಸಿ, ಗುಳಿಗಳಿರುವ ಪದರವನ್ನೇ ತೆಗೆದು, ಹೊಸ ಸುರುಳಿ ಗೆರೆ ಹಾಕಿಸುವುದು. ಈಗಿನ ಗುಂಡಿನ ದಪ್ಪ ಏಳೂವರೆ ಮಿಲಿಮೀಟರಿಗೆ ತುಸು ಹೆಚ್ಚು. ಮಧ್ಯಮ ಗಾತ್ರದ ಗುಂಡುಗಳಲ್ಲಿ ಆಯ್ಕೆ ಮೂರು: ಎಂಟೂವರೆ, ಒಂಬತ್ತು, ಒಂಬತ್ತು ಪಾಯಿಂಟ್ ಮೂರು. ಯಾವುದಾದರೂ ಇಲ್ಲಿನ ಜಿಂಕೆಗೆ ಸಾಕು. ಆದರೆ ಕೊರೆದಷ್ಟೂ ಉಕ್ಕು ಹೋಗುತ್ತದೆ, ಕೋವಿ ಇನ್ನೂ ಹಗುರಾಗುತ್ತದೆ. ಗುಂಡು ಮಾತ್ರ ಭಾರವಾಗುತ್ತದೆ. ಹಗುರ ಕೋವಿಯಿಂದ ಭಾರದ ಗುಂಡು ಹಾರಿದರೆ ಹೊಡೆತವೆಲ್ಲ ಹಿಂದಿನ ಭುಜಕ್ಕೆ. ಅವಳ ಬಲಭುಜದ ಸ್ನಾಯು ಆಗಲೇ ಹರಿದಿತ್ತು. ಎರಡು ಇಂಜೆಕ್ಷನ್ ಆಗಿದ್ದವು. ಗುಳಿ ನಳಿಗೆಯುದ್ದಕ್ಕೂ ಹಬ್ಬಿರಬಹುದಾದ್ದರಿಂದ ಒಂಬತ್ತು ಪಾಯಿಂಟ್ ಮೂರಕ್ಕೇ ಹೋಗುವುದು ಸುರಕ್ಷಿತ ಎಂದ ಅವನು. ಅಗಲಿಸಿದ್ದನ್ನು ಮತ್ತೆ ಕಿರಿದು ಮಾಡಲಾಗದು ಎಂದೂ ಹೇಳಿದ. ಅವಳು ಒಪ್ಪಿದಳು. ಪೊಲೀಸರಿಗೆ ಅರ್ಜಿ ಹಾಕಿ ಪರವಾನಗಿಯಲ್ಲಿ ಹೊಸ ಅಳತೆ ನಮೂದಾದ ಮೇಲೆಯೇ ಕೆಲಸ ಆರಂಭ. ಅಷ್ಟರೊಳಗೆ ಈ ಕೋವಿಯ ಪೂರ್ತಿ ಚರಿತ್ರೆ ಬರೆದು ಕೊಡಿ ಎಂದು ಕೇಳಿದ.

"ಅದಕ್ಕೆ ಇವರಿದ್ದಾರಲ್ಲ," ಎಂದು ಅವಳು ನನ್ನತ್ತ ಕೈತೋರಿದಳು.

ಆ ಚರಿತ್ರೆಯಲ್ಲಿ ಬರೆಯಬೇಕಾದದ್ದು ನನಗೆ ಗೊತ್ತಿತ್ತು. ಅವಳ ಸೇವೆಯ ಕೊನೆಯ ವರ್ಷ, ಯಾರ್ಕ್‌ಶೈರ್‌ನಿಂದ ಬಂದ ಮರುತಿಂಗಳು, ಸೆಪ್ಟೆಂಬರ್ ಮೂರರಂದು, ನಾವು ಮನೆಯಲ್ಲಿ ಕೈಲ್ ಮುಹೂರ್ತ ಮಾಡಿದ್ದೆವು. ಅಂದು ಕೊಡವರು ಆಯುಧಗಳನ್ನು ಪೂಜಿಸಿ ಕೋವಿಯ ಬಾಯಿಗೆ ತೋಕ್ ಪೂ ಇಡುತ್ತಾರೆ. ಬೆಂಕಿಯ ನಾಲಗೆಯಂಥ ಎಸಳುಗಳ ಕೆಂಪು ಹಳದಿ ಹೂ. ಪ್ರತಿ ವರ್ಷ ಹೂವಿಲ್ಲದೆ ಕುಂಕುಮದಲ್ಲೇ ಮುಗಿಯುತ್ತಿದ್ದ ಪೂಜೆಗೆ ಆ ಸಲ ನಾನು ಹೂವಂಗಡಿಯಲ್ಲಿ ಹೇಳಿ ಒಂದೇ ಒಂದು ತರಿಸಿದ್ದೆ. ಮದುವೆಯಿಂದ ಬಂದ ಆಚಾರದ ಬಗ್ಗೆ ಹುಟ್ಟಿನಿಂದ ಬಂದವರಿಗಿಂತ ಹೆಚ್ಚಿನ ನಿಷ್ಠೆ ನನಗೆ. ಹೂ ಬಾಡಬಾರದೆಂದು ಹತ್ತಿಯನ್ನು ಉಪ್ಪು ನೀರಿನಲ್ಲಿ ಅದ್ದಿ, ತೊಟ್ಟಿಗೆ ಸುತ್ತಿ, ನಳಿಗೆಯೊಳಕ್ಕೆ ತುರುಕಿದೆ. ಹೂದಾನಿಯ ನೀರಿಗೆ ಚಿಟಿಕೆ ಉಪ್ಪು ಹಾಕುತ್ತಿದ್ದದ್ದು ನಮ್ಮ ತಾಯಿಯ ಪದ್ಧತಿ.

ಊರಿನಲ್ಲಾದರೆ ಪೂಜೆಯ ಬೆನ್ನಿಗೇ ಹೂ ತೆಗೆದು ಕೋವಿಯನ್ನು ಮೈದಾನಕ್ಕೆ ಒಯ್ದು ತೆಂಗಿನಕಾಯಿಗೆ ಗುರಿ ಇಡುತ್ತಾರೆ. ಇಲ್ಲಿ ಅಂದು ಆಸ್ಪತ್ರೆಯಿಂದ ಫೋನ್ ಬಂತು. ಅಂದಿನ ಪಾಳಿಯಲ್ಲಿದ್ದವರು ಜ್ವರವೆಂದು ಬಂದಿರಲಿಲ್ಲ. ಅವಳು ಹೊರಡುವ ಮೊದಲು ಕೋವಿ ಕಪಾಟು ಸೇರಲೇಬೇಕು. ನಾನು ಅವಸರದಲ್ಲಿ ಹೂವನ್ನು ಎಳೆದು ದೇವರ ಮುಂದಿಟ್ಟೆ. ಅವಳು ಬೀಗ ಹಾಕಿದಳು. ಹೂವಿನೊಂದಿಗೆ ಹತ್ತಿ ಬಂದಿರಲಿಲ್ಲ.

ಹೆಣ್ಣು ಜಿಂಕೆಗಳ ಋತು ಆರಂಭವಾಗುವುದು ನವೆಂಬರ್ ಒಂದಕ್ಕೆ. ಅದರ ಹಿಂದಿನ ದಿನ ಅವಳು ಹಿಂಬದಿಯಿಂದ ಸಲಾಕೆ ತೂರಿಸಿ ನಳಿಗೆ ಸ್ವಚ್ಛಮಾಡಿದಾಗ, ನಾನು ಹಾಸಿದ್ದ ಪತ್ರಿಕೆಯ ಮೇಲೆ ಒರೆಸುವ ಬಟ್ಟೆಯ ತುಂಡಿನ ಜತೆಗೆ ಕಂದು ಬಣ್ಣದ ಮುದ್ದೆಯೊಂದು ಬಿತ್ತು. ಅವಳು ನಳಿಗೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. "ಅಯ್ಯೋ, ಆಗಸ್ಟ್‌ನಲ್ಲಿ ನಾನು ಸರಿಯಾಗಿ ಒರೆಸಲೇ ಇಲ್ಲ," ಎಂದಳು. ನಾನು ಪತ್ರಿಕೆಯನ್ನು ಮಡಿಸಿ ಕಸದ ಡಬ್ಬಕ್ಕೆ ಹಾಕಿದೆ. ಹೇಳಬೇಕಾದ ಮಾತು ಆ ಕ್ಷಣದಲ್ಲಿ ನಾಲಗೆಯ ಮೇಲಿತ್ತು. ಅವಳು ತಾನೇ ಒಂದು ಕಾರಣ ಹೇಳಿಬಿಟ್ಟಳು, ನಾನು ಅದರ ಮರೆಯಲ್ಲಿ ನಿಂತುಬಿಟ್ಟೆ.

ಅಂಗಡಿಯಿಂದ ಬಂದ ಮೇಲೆ ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ಕ್ಯಾಲಿಬರುಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ, ಗುಂಡಿನ ತೂಕ ಮತ್ತು ಒದೆತದ ಪಟ್ಟಿ ಮಾಡಿದೆ, ಹರಿದೆ, ಮತ್ತೆ ಮಾಡಿದೆ. ಪ್ರತಿ ಪಟ್ಟಿಯೂ ಎಂಟೂವರೆಯೇ ಸರಿಯೆನ್ನುತ್ತಿತ್ತು. ಗುಳಿ ಎಲ್ಲಿಯವರೆಗಿದೆ ಎಂಬ ಪ್ರಶ್ನೆಗೆ ಬಂದು ನಿಲ್ಲುತ್ತಿತ್ತು. ಅದಕ್ಕೆ ಉತ್ತರದ ಸುಳಿವಿದ್ದವನು ನಾನೊಬ್ಬನೇ. ತುಕ್ಕು ಮಳೆಯಿಂದ ಬಂದಿದ್ದರೆ ಎಲ್ಲೆಲ್ಲೂ ಇರಬೇಕು. ಹತ್ತಿಯಿಂದ ಬಂದಿದ್ದರೆ ಬಾಯಿಯ ಬಳಿ ಆಳ, ಕೆಳಗೆ ಬರೀ ಮೇಲ್ಪದರ.

ಆ ಶನಿವಾರ ಟಿವಿಡೇಲ್‌ನ ಬಾಲಾಜಿ ದೇವಸ್ಥಾನದ ಊಟದ ಹಾಲಿನಲ್ಲಿ ಹಳೆಯ ಸ್ನೇಹಿತರೊಬ್ಬರು ಸಿಕ್ಕಿದರು. ಉಡುಪಿಯವರು, ವಿದನ್‌ಶಾ ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರಾಗಿದ್ದವರು. ಅವಳ ಭುಜವನ್ನು ನೋಡಿದ್ದವರೂ ಅವರೇ.

"ಎಂತ ಮಾರಾಯ್ರೆ, ಹುಳಿಯನ್ನದ ಮುಂದೆ ಕೂತು ಕೋವಿ ಲೆಕ್ಕ ಹಾಕ್ತೀರಿ?" ಎಂದರು ನನ್ನ ಕೈಯ ಚೀಟಿ ನೋಡಿ. ಮೂರು ಅಳತೆಗಳನ್ನು ಹೇಳಿದೆ.

"ನಿಮ್ಮವರು ಆ ದೊಡ್ಡದನ್ನು ಹಿಡಿದ್ರೆ ಒಂದು ಸೀಸನ್. ಮತ್ತೆ ಆ ಕೈಯಲ್ಲಿ ಬಾಚಣಿಗೆ ಎತ್ಲಿಕ್ಕೂ ಆಗುದಿಲ್ಲ. ಹೇಳಿದ್ದೀರಾ ಅವರಿಗೆ?"

"ಅವಳಿಗೆ ಗೊತ್ತು."

"ಗೊತ್ತಿದ್ದೂ ಯಾಕೆ ಒಪ್ಪಿದ್ದು?"

"ತಪ್ಪು ತನ್ನದು, ಅನುಭವಿಸ್ತೀನಿ ಅಂತಾಳೆ."

"ಕೊಡವತಿ ಅಲ್ವಾ," ಎಂದು ನಕ್ಕು ಅವರು ಮಜ್ಜಿಗೆಗೆ ಕೈಚಾಚಿದರು. ನಾನು ಚೀಟಿಯನ್ನು ಮಡಿಸಿ ಜೇಬಿಗಿಟ್ಟೆ.

ಮನೆಗೆ ಬಂದು ಚರಿತ್ರೆ ಬರೆಯಲು ಕುಳಿತೆ. ಕೊಂಡ ದಿನ, ಪ್ರತಿ ಋತುವಿನಲ್ಲಿ ಹಾರಿಸಿದ ಈಡು, ಪ್ರತಿ ಸಲ ಸ್ವಚ್ಛಗೊಳಿಸಿದ ತಾರೀಖು; ಅವಳ ಚೀಟಿಗಳನ್ನು ನನ್ನ ದಿನಚರಿಯೊಂದಿಗೆ ಹೋಲಿಸಿ, ಎರಡೂ ಕೂಡದ ಕಡೆ ಮೂರನೆಯ ಸಾಕ್ಷ್ಯ ಹುಡುಕಿ ತುಂಬಿಸಿದೆ. ಯಾರ್ಕ್‌ಶೈರ್ ಪ್ರವಾಸದ ಮರುದಿನದ ಪುಟದಲ್ಲಿ ನನ್ನದೇ ಅಕ್ಷರವಿತ್ತು: "ಮಧ್ಯಾಹ್ನ ಅವಳು ಕೋವಿಗೆ ಎಣ್ಣೆ ಹಾಕಿ ಒಳಗೆಲ್ಲ ಒರೆಸಿದಳು." ಅವಳು ಅದನ್ನು ಮರೆತಿದ್ದಳು. ಮರೆತು, ಎರಡು ಚಳಿಗಾಲ ತನ್ನನ್ನೇ ದೂರಿಕೊಂಡಿದ್ದಳು. ಆ ವಾಕ್ಯವನ್ನು ನಕಲಿಸಿದೆ. ಅದರ ಕೆಳಗಿನ ಸೆಪ್ಟೆಂಬರ್ ಸಾಲನ್ನು ಖಾಲಿ ಬಿಟ್ಟೆ.

ಭಾನುವಾರ ಬೆಳಿಗ್ಗೆ ಅವಳು ಕಾಫಿ ಹಿಡಿದುಕೊಂಡೇ ಹಾಳೆಗಳನ್ನು ಓದಿದಳು.

"ರೀ, ಆಗಸ್ಟ್‌ನಲ್ಲಿ ಒರೆಸಿದೀನಿ ಅಂತಿದೆಯಲ್ಲ. ನಿಜವಾ?"

"ನಿಜ. ಅಂದೇ ಬರೆದಿದ್ದು."

"ಮತ್ತೆ ಈ ಸೆಪ್ಟೆಂಬರ್ ಯಾಕೆ ಖಾಲಿ? ಹಾಲಿನವನು ಬಾರದ ದಿನಾನೂ ಬರೆದಿಡೋ ಜನ ನೀವು."

ನಾನು ಹೇಳಿದೆ. ಹತ್ತಿ, ಉಪ್ಪು ನೀರು, ಪತ್ರಿಕೆಯ ಮೇಲೆ ಬಿದ್ದ ಮುದ್ದೆ, ಮಡಿಸಿ ಎಸೆದದ್ದು, ಎಲ್ಲವನ್ನೂ ಕ್ರಮವಾಗಿ. ಅವಳು ಲೋಟವನ್ನು ಕೆಳಗಿಟ್ಟಳು.

"ಉಪ್ಪು ನೀರು," ಎಂದಳು. "ಉಕ್ಕಿಗೆ."

"ಹೂ ಬಾಡಬಾರದು ಅಂತ."

"ಅಜ್ಜನ ಕಾಲದಿಂದ ನೋಡಿದೀನಿ, ತೋಕ್ ಪೂ ಇಡೋದು ಐದು ನಿಮಿಷಕ್ಕೆ. ಅದಕ್ಕೆ ಡ್ರಿಪ್ ಹಾಕಿದೋರು ನೀವೊಬ್ಬರೇ ಮಾರಾಯ್ರೆ." ನಗುವಿನ ಮಾತಾಗಿದ್ದರೂ ಅವಳು ನಗಲಿಲ್ಲ. "ಹತ್ತಿ ಹಾಕಿದ್ದು ಬಿಡಿ, ತಿಳೀದೆ ಮಾಡಿದ್ರಿ. ಅಂಗಡಿಯಲ್ಲಿ ನಾನು ಅವನ ಮುಂದೆ ತಪ್ಪು ಒಪ್ಪಿಕೊಳ್ತಿದ್ದಾಗ ಪಕ್ಕದಲ್ಲೇ ನಿಂತಿದ್ರಲ್ಲ."

ಮೂರು ದಿನ ಅವಳು ನನ್ನೊಡನೆ ಅಗತ್ಯವಿದ್ದಷ್ಟು ಮಾತ್ರ ಮಾತಾಡಿದಳು: ಬಿನ್ ಹೊರಗಿಡಿ, ಜಿಪಿ ಡಾಕ್ಟರ ಹತ್ತಿರ ಹೋಗಿಬರ್ತೀನಿ, ಸಾರಿಗೆ ಉಪ್ಪು ಕಡಿಮೆ. ನಾಲ್ಕನೆಯ ದಿನ ಕಾರಿನ ಕೀಲಿ ಎತ್ತಿಕೊಂಡು, "ನಡೀರಿ, ಅವನಿಗೆ ನೀವೇ ಹೇಳಬೇಕು," ಎಂದಳು.

ಹೇಳಿದೆ. ರಿಪೇರಿಯವನು ಹೂವಿನ ವಿಷಯವನ್ನು ಎರಡು ಸಲ ಕೇಳಿ ತಿಳಿದುಕೊಂಡ. ಆಮೇಲೆ ಕ್ಯಾಮೆರಾವನ್ನು ಮತ್ತೆ ಇಳಿಸಿದ. ಈ ಬಾರಿ ಬೆರಳಗಲಕ್ಕೊಮ್ಮೆ ನಿಲ್ಲಿಸಿ ಗುಳಿಯ ಆಳ ನೋಡಿದ. ಆಳದ ಗುಳಿಗಳೆಲ್ಲ ಬಾಯಿಯಿಂದ ಎರಡಂಗುಲದೊಳಗೇ ಇದ್ದವು. ಅಲ್ಲಿಂದ ಕೆಳಗೆ ನೀರು ಜಾರಿದ ಒಂದು ಕಡೆ ಮಾತ್ರ ಒರಟು, ಅದೂ ತೆಳು. ಬಾಯಿಯ ಎರಡಂಗುಲ ಕತ್ತರಿಸಿ ಹಾಕಿದರೆ ಉಳಿದದ್ದಕ್ಕೆ ಎಂಟೂವರೆ ಸಾಕು ಎಂದ. ಆ ಗಾತ್ರದ ತೋಟೆ ಅಂಗಡಿಯಲ್ಲಿ ಸುಲಭವಾಗಿ ಸಿಗದು, ಕೈಯಲ್ಲೇ ತುಂಬಬೇಕು. ಆದರೆ ಹಾಗೆ ತುಂಬುವಾಗ ಕಾನೂನು ಕೇಳುವ ಶಕ್ತಿಗೆ ಕಡಿಮೆಯಾಗದಂತೆ, ಭುಜ ತಡೆಯುವ ಮಟ್ಟಕ್ಕೆ ಮದ್ದನ್ನು ಇಳಿಸಬಹುದು.

"ಎಂಟೂವರೆ," ಎಂದಳು ಅವಳು. ನನ್ನ ಪಟ್ಟಿಗಳನ್ನು ಅವಳು ನೋಡಿರಲೇ ಇಲ್ಲ.

ಪೊಲೀಸರ ಅನುಮತಿ ಬರಲು ಬೇಸಿಗೆಯೆಲ್ಲ ಹಿಡಿಯಿತು. ನಾನು ದಿನಾ ಅಂಚೆಯ ಹೊತ್ತಿಗೆ ಬಾಗಿಲ ಬಳಿ ಸುಳಿದಾಡುತ್ತಿದ್ದೆ. ಕೊರೆಯುವ ಕೆಲಸ ಮುಗಿದು, ನಳಿಗೆಯ ಬಲಪರೀಕ್ಷೆಯ ಮುದ್ರೆ ಬಿದ್ದು, ಕೋವಿ ಅವಳ ಕೈಗೆ ಮರಳಿದ್ದು ಅಕ್ಟೋಬರ್ ಮೂರನೆಯ ವಾರದಲ್ಲಿ. ದಿನದ ಬಗ್ಗೆ ರಸೀದಿಗೂ ದಿನಚರಿಗೂ ಭಿನ್ನಾಭಿಪ್ರಾಯವಿಲ್ಲ.

ಅದರ ಮುಂದಿನ ಶನಿವಾರ ಎಸ್ಟೇಟಿನ ಗುರಿ ಮೈದಾನದಲ್ಲಿ ಅವಳು ಮೂರು ಈಡು ಹಾರಿಸಿದಳು. ಪ್ರತಿ ಈಡಿಗೂ ಅವಳ ಬೆನ್ನು ಹಿಂದಕ್ಕೆ ಜರುಗುವುದನ್ನು ನಾನು ಕಿವಿ ಮುಚ್ಚಿಕೊಂಡು ನೋಡಿದೆ. ದೂರದ ಹಾಳೆಯಲ್ಲಿ ಮೂರೂ ತೂತುಗಳು ಒಂದಕ್ಕೊಂದು ತಾಗಿಕೊಂಡಿದ್ದವು.

"ಭುಜ?"

"ಇದೆ." ಅವಳು ಕೋವಿಯನ್ನು ಖಾಲಿ ಮಾಡಿ ಚೀಲಕ್ಕಿಟ್ಟಳು. "ಆ ಮಳೆ ಕತೆಯನ್ನ ತಂಡದ ಮುಖ್ಯಸ್ಥರಿಗೂ ಹೇಳಿದ್ದೆ. ಅವತ್ತಿಂದ ಅವರು ನನ್ನ ಕೋವಿ ನೋಡದೆ ಕಾಡಿಗೆ ಬಿಡ್ತಾ ಇಲ್ಲ. ಮೊನ್ನೆ ಮೊನ್ನೆ ಸೇರಿದೋರ ಮುಂದೆ ನಿಂತು ತಪಾಸಣೆ ಮಾಡಿಸಿಕೊಂಡಿದೀನಿ."

"ನೀನು ನನಗೆ ಹೇಳಲೇ ಇಲ್ಲ."

"ಹೇಳದೆ ಇರೋದು ನಿಮಗೊಬ್ಬರಿಗೇ ಬರುತ್ತಾ?" ಮುಖ್ಯಸ್ಥರು ಮೈದಾನದ ಆಚೆ ತುದಿಯ ಶೆಡ್ಡಿನ ಮುಂದೆ ಚಹಾ ಸುರಿದುಕೊಳ್ಳುತ್ತಿದ್ದರು. "ಹೋಗಿ."

ಒದ್ದೆ ಹುಲ್ಲಿನಲ್ಲಿ ನಾನು ಆ ಕಡೆಗೆ ನಡೆದೆ. ಅವರು ನನ್ನನ್ನು ನೋಡಿ ಇನ್ನೊಂದು ಮಗ್ ತೆಗೆದರು. ಚಹಾ ಆಮೇಲೆ, ಮೊದಲು ನಾನೊಂದು ವಿಷಯ ಹೇಳಬೇಕಿದೆ ಎಂದೆ.