ರಾಗಿ ಇಲ್ಲದ ಹಾಸ್ಟೆಲ್

ಹರಪನಹಳ್ಳಿಯ ಹಾಸ್ಟೆಲ್ ಪಡಸಾಲೆಯಲ್ಲಿ ಹೊಸ ಹುಡುಗಿಯರು, ಬಿಡಲು ಬಂದ ಮನೆಯವರು, ಗೋಡೆಗೊರಗಿ ನಿಂತ ಸೀನಿಯರ್‌ಗಳು ಎಲ್ಲರೂ ಸೇರಿದ್ದೆವು. ತೊಂಬತ್ತರ ದಶಕ. ಕೂಡ್ಲಿಗಿ ಕಡೆಯಿಂದ ಡಿಗ್ರಿ ಓದಲು ಬಂದಿದ್ದ ನಾನು, ಸೀನಿಯರ್‌ಗಳ ಕಾಟದ ಕಥೆ ಕೇಳಿ ಕೇಳಿ ಹೆದರಿ ಅಜ್ಜಿಯ ಸೆರಗು ಹಿಡಿದು ಕೂತಿದ್ದೆ.

ನಿಯಮಗಳನ್ನೆಲ್ಲ ಹೇಳಿ ಮುಗಿಸಿದ ವಾರ್ಡನ್ ಮೇಡಂ, “ಹೆದರಬ್ಯಾಡ್ರಿ, ನಮ್ಮಲ್ಲಿ ರ‍್ಯಾಗಿಂಗ್ ಇಲ್ಲ” ಎಂದರು.

ಕಿವಿ ಮಂದವಾಗಿದ್ದ ಅಜ್ಜಿ ಎದ್ದು ನಿಂತಳು. “ರಾಗಿ ಇಲ್ಲಂದ್ರ ಇರ್ಲಿ ಬಿಡ್ರಿ ಮೇಡಮ್ಮೋರ. ನಮ್ಮ ಹುಡುಗಿ ರೊಟ್ಟಿ ಉಣ್ಣಾಕಿ. ಜ್ವಾಳ ಐತಿಲ್ಲೋ, ಅದನ್ನ ಹೇಳ್ರಿ!”

ಪಡಸಾಲೆಗೆ ಪಡಸಾಲೆಯೇ ನಕ್ಕಿತು. ಮೇಡಂ ನಗುತ್ತಲೇ “ಐತಿ” ಎಂದದ್ದೇ ತಡ, ಅಜ್ಜಿ ಸೆರಗು ಬಿಡಿಸಿಕೊಂಡು ನಿಶ್ಚಿಂತೆಯಿಂದ ಬಸ್ಸಿಗೆ ಹೊರಟೇಬಿಟ್ಟಳು. ಇನ್ನು ಈ ಸೀನಿಯರ್‌ಗಳು ನನ್ನನ್ನು ಸುಮ್ಮನೆ ಬಿಟ್ಟಾರೆಯೇ? ಬೆಳಿಗ್ಗೆ ಊರಿಗೆ ಓಡಿಹೋಗುವುದೆಂದು ಬ್ಯಾಗನ್ನೇ ಬಿಚ್ಚಲಿಲ್ಲ.

ಸಂಜೆ ಯಾರೋ ಬಾಗಿಲು ಬಡಿದರು. ತೆರೆದರೆ ಅದೇ ಸೀನಿಯರ್‌ಗಳು. ಕೈಯಲ್ಲಿ ತಮ್ಮ ಊರಿನಿಂದ ತಂದ ಜೋಳದ ಕಟಕ ರೊಟ್ಟಿ, ಶೇಂಗಾ ಚಟ್ನಿ.

“ಬಾರೇ ರಾಗಿ, ಜ್ವಾಳ ತಿನ್ನು ಬಾ!”

ರೊಟ್ಟಿ ಮುಗಿಯುವ ಹೊತ್ತಿಗೆ ನನ್ನ ಬ್ಯಾಗು ಬಿಚ್ಚಿಯಾಗಿತ್ತು. ಡಿಗ್ರಿ ಮುಗಿಯುವವರೆಗೂ ಆ ಹಾಸ್ಟೆಲ್‌ನಲ್ಲಿ ನನ್ನ ಹೆಸರು ರಾಗಿ ಎಂದೇ ಉಳಿಯಿತು.